ಎಲ್ಲಾ ಮಾಮೂಲು

ದಾರಿಯಲ್ಲಿ ಸಿಕ್ಕವರನ್ನು ‘ಏನ್ ಸ್ವಾಮಿ ಸಮಾಚಾರ?’ ಎಂದು ಕೇಳಿದರೆ ‘ಏನಿಲ್ಲ, ಎಲ್ಲಾ ಮಾಮೂಲು’ ಎನ್ನುವುದು ನಮ್ಮ ಕಡೆಯ ವಾಡಿಕೆ. ಹಾಗೆಂದವರ ಮನೆಯಲ್ಲಿ ಆ ವಾರವೇ ಮಗಳ ಮದುವೆ ಗೊತ್ತಾಗಿರಬಹುದು, ಸೈಟಿನ ಕೇಸು ಗೆದ್ದಿರಬಹುದು, ಬತ್ತಿಹೋಗಿದ್ದ ಬೋರ್‌ವೆಲ್ಲಿನಲ್ಲಿ ನೀರು ಉಕ್ಕಿರಬಹುದು. ಅದೆಲ್ಲ ಹೊರಬೀಳುವುದು ಕಾಫಿ ಮುಗಿದು, ಎದ್ದು, ಚಪ್ಪಲಿ ಮೆಟ್ಟುವ ಹೊತ್ತಿಗೆ. ಮೊದಲ ಮಾತಿಗೇ ಸುದ್ದಿಯನ್ನೆಲ್ಲ ಸುರಿದುಬಿಡುವವರನ್ನು ನಾವು ಅಷ್ಟಾಗಿ ನಂಬುವುದಿಲ್ಲ.

ಕಂಪ್ಯೂಟರ್ ಲೋಕದ ವಾಡಿಕೆ ಬೇರೆ. ಅಲ್ಲಿ ಒಂದು ಬಟನ್ ಎಡದಿಂದ ಬಲಕ್ಕೆ ಸರಿದರೂ ಅದಕ್ಕೊಂದು ವೇದಿಕೆ, ಕತ್ತಲೆ ಮಾಡಿದ ಸಭಾಂಗಣ, ಕಪ್ಪಂಗಿ ತೊಟ್ಟವರ ಭಾಷಣ, ಎದ್ದುನಿಂತು ಚಪ್ಪಾಳೆ. ಇಂಥ ಲೋಕದಲ್ಲಿ 2011ರ ಮೇ ತಿಂಗಳ ಕೊನೆಗೆ ಲಿನಸ್ ಟೊರ್ವಾಲ್ಡ್ಸ್ ತಮ್ಮ ಲಿನಕ್ಸ್ ಕರ್ನೆಲ್‌ನ ಬರಲಿರುವ ಆವೃತ್ತಿಯನ್ನು ಸಾರಿದರು. 2003ರ ಡಿಸೆಂಬರಿನಿಂದಲೂ 2.6 ಎಂದೇ ನಡೆದು ಬಂದಿದ್ದ ಸಂಖ್ಯೆ ಈ ಸಲ ಏಕಾಏಕಿ 3.0 ಆಗಲಿತ್ತು. ಜನ ಕಿವಿ ನಿಮಿರಿಸಿ ಕೂತರು. ದೊಡ್ಡ ಬದಲಾವಣೆಗಳೇನು ಎಂಬ ಪ್ರಶ್ನೆಯನ್ನು ಟೊರ್ವಾಲ್ಡ್ಸ್ ತಾವೇ ಕೇಳಿಕೊಂಡರು. ಏನೂ ಇಲ್ಲ, ಖಂಡಿತ ಏನೇನೂ ಇಲ್ಲ ಎಂಬ ಅರ್ಥದ ಉತ್ತರವನ್ನೂ ತಾವೇ ಕೊಟ್ಟರು. ಲಿನಕ್ಸ್‌ಗೆ ಇಪ್ಪತ್ತು ತುಂಬುತ್ತಿದೆ, 2.6ರ ಮುಂದಿನ ಅಂಕಿ 40ರ ಹತ್ತಿರ ಹೋಗಿ ಉದ್ದವಾಯಿತು, ಅದಕ್ಕೆ ಹೊಸ ಸಂಖ್ಯೆ, ಅಷ್ಟೆ. ಜುಲೈನಲ್ಲಿ 3.0 ಬಂದಾಗ ಒಳಗೆ 9,000ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಎಲ್ಲಾ ಮಾಮೂಲು!

ಕರ್ನೆಲ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಪರದೆಯ ಮೇಲೆ ಕಾಣುವ ಕಿಟಕಿ, ಬಟನ್, ಬಣ್ಣ ಯಾವುದೂ ಕರ್ನೆಲ್ ಅಲ್ಲ. ಫೈಲು ತೆರೆಯಬೇಕೆನ್ನುವ, ಸಂದೇಶ ಕಳಿಸಬೇಕೆನ್ನುವ, ಸ್ಪೀಕರಿನಲ್ಲಿ ಹಾಡು ಕೇಳಿಸಬೇಕೆನ್ನುವ ಯಾವ ಪ್ರೋಗ್ರಾಮೂ ಯಂತ್ರವನ್ನು ನೇರವಾಗಿ ಮುಟ್ಟುವ ಹಾಗಿಲ್ಲ, ಕರ್ನೆಲನ್ನು ಕೇಳಬೇಕು. ಯಾರಿಗೆ ಎಷ್ಟು ಮೆಮೊರಿ, ಪ್ರೊಸೆಸರಿನ ಮೇಲೆ ಈಗ ಯಾರ ಸರದಿ, ಯಾರು ಯಾರ ಫೈಲನ್ನು ನೋಡಬಹುದು ಎಂಬ ತೀರ್ಮಾನವೆಲ್ಲ ಅದರದೇ. ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಅಡಿಯಲ್ಲಿರುವುದು ಲಿನಕ್ಸ್ ಕರ್ನೆಲ್. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಅಷ್ಟಕ್ಕೆ ಅಷ್ಟೂ ಅದನ್ನೇ ಓಡಿಸುತ್ತಿವೆ. 2021ರಲ್ಲಿ ಮಂಗಳನ ಮೇಲೆ ಹಾರಿದ ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರಿನಲ್ಲಿದ್ದದ್ದೂ ಲಿನಕ್ಸೇ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬ ಇದನ್ನು ಲೋಕಕ್ಕೆ ತಿಳಿಸಿದಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದೇ ಹೇಳಿದ್ದ. ಆಗ ಸುಮಾರು 10,000 ಸಾಲು ಕೋಡ್ ಇತ್ತು. ಈಗ 4 ಕೋಟಿಯ ಆಸುಪಾಸು. ‘ಏನಿಲ್ಲ, ಮಾಮೂಲು’ ಎನ್ನುವ ಅಭ್ಯಾಸ ಟೊರ್ವಾಲ್ಡ್ಸ್‌ಗೆ ಮೊದಲಿಂದಲೂ ಇತ್ತೆಂದು ಕಾಣುತ್ತದೆ.

ಹೊಸ ಆವೃತ್ತಿ ಬರುವುದಕ್ಕೂ ಒಂದು ಕ್ರಮವಿದೆ. ಮೊದಲ ಎರಡು ವಾರ ಬಾಗಿಲು ತೆರೆದಿರುತ್ತದೆ. ಯಾರ ಯಾರ ಬಳಿ ಏನೇನು ಹೊಸತು ತಯಾರಾಗಿದೆಯೋ ಅದೆಲ್ಲ ಆಗಲೇ ಒಳಗೆ ಬರಬೇಕು. ಆಮೇಲೆ ಬಾಗಿಲು ಬಂದ್. ಅಲ್ಲಿಂದ ಮುಂದೆ ದುರಸ್ತಿ ಮಾತ್ರ. ಪ್ರತಿ ಭಾನುವಾರ ಒಂದೊಂದು ಪರೀಕ್ಷಾ ಆವೃತ್ತಿ. ಅದಕ್ಕೆ ಆರ್‌ಸಿ 1, ಆರ್‌ಸಿ 2 ಎಂದು ಹೆಸರು. ಏಳೋ ಎಂಟೋ ಭಾನುವಾರ ಕಳೆದ ಮೇಲೆ, ಇನ್ನು ದೊಡ್ಡ ದೂರೇನೂ ಇಲ್ಲ ಎನಿಸಿದಾಗ, ಅಸಲಿ ಆವೃತ್ತಿ. ಟೊರ್ವಾಲ್ಡ್ಸ್ ಇರುವುದು ಅಮೆರಿಕದ ಪಶ್ಚಿಮದಂಚಿನ ಓರೆಗಾನ್‌ನಲ್ಲಿ. ಅವರ ಭಾನುವಾರದ ಮಧ್ಯಾಹ್ನ ನಮಗೆ ಸೋಮವಾರದ ನಸುಕು. ಹಾಗಾಗಿ ಬೆಂಗಳೂರಿನ ಸರ್ವರ್ ನೋಡಿಕೊಳ್ಳುವವರಿಗೆ ಹೊಸ ಕರ್ನೆಲ್ ಸಿಕ್ಕುವುದು ವಾರದ ಅತಿ ಕೆಟ್ಟ ದಿನದ ಅತಿ ಕೆಟ್ಟ ಗಳಿಗೆಯಲ್ಲಿ. ಅವರ ಮೊದಲ ಪ್ರಶ್ನೆ ‘ಇದರಲ್ಲಿ ಹೊಸತೇನಿದೆ?’ ಎಂದಲ್ಲ. ‘ಇದರಿಂದ ಏನು ಕೆಡುತ್ತೆ?’ ಎಂದು.

ಈ ಎರಡು ಪ್ರಶ್ನೆಗಳ ನಡುವೆಯೇ ಲಿನಕ್ಸ್ ಲೋಕದ ಜನ ಹಂಚಿಹೋಗಿದ್ದಾರೆ. ಹೊಸತೇನಿದೆ ಎನ್ನುವವರು ವಯಸ್ಸಿನಲ್ಲಿ ಚಿಕ್ಕವರು, ಅಥವಾ ಬೇರೆಯವರ ಕಂಪ್ಯೂಟರ್ ರಿಪೇರಿ ಮಾಡದವರು. ಏನು ಕೆಡುತ್ತೆ ಎನ್ನುವವರು ಒಮ್ಮೆಯಾದರೂ ರಾತ್ರಿ ಎರಡು ಗಂಟೆಗೆ ಫೋನಿನ ಕರೆಗೆ ಎದ್ದವರು. ನಾನು ಮೊದಲ ಗುಂಪಿನಿಂದ ಎರಡನೆಯದಕ್ಕೆ ಯಾವಾಗ ದಾಟಿದೆನೋ ತಿಳಿಯದು. ಕನ್ನಡಕದ ನಂಬರು ಬದಲಾದ ಹೊತ್ತಿನಲ್ಲೇ ಇರಬೇಕು.

3.0ರ ಕಥೆಗೆ ಬರೋಣ. ಏನೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಬದಲಾಗಿದೆ ಎಂದರಲ್ಲ, ಆ ಸಂಖ್ಯೆಯೇ ಕೈ ಕೊಟ್ಟಿತು. ಎಂಟು ವರ್ಷದ ಹತ್ತಿರ 2.6 ಎಂದೇ ಇದ್ದುದರಿಂದ, ಕರ್ನೆಲ್ ಎಂದರೆ 2.6 ಎಂದು ಶುರುವಾಗುತ್ತದೆ, ಮೂರು ಅಂಕಿ ಇರುತ್ತದೆ ಎಂದು ಎಷ್ಟೋ ಪ್ರೋಗ್ರಾಮುಗಳು ಗಟ್ಟಿಮಾಡಿಕೊಂಡಿದ್ದವು. ಬಂದದ್ದು 3.0, ಮೂರನೆಯ ಅಂಕಿಯೇ ಇಲ್ಲ. ಇಲ್ಲದ ಅಂಕಿಯನ್ನು ಹುಡುಕಿ ಹುಡುಕಿ ಕೆಲವು ಪ್ರೋಗ್ರಾಮುಗಳು ಗಾಬರಿಗೆ ಬಿದ್ದವು. ಕೊನೆಗೆ ಕರ್ನೆಲ್ ತನ್ನನ್ನು 3.0.0 ಎಂದು ಪರಿಚಯಿಸಿಕೊಳ್ಳಬೇಕಾಯಿತು. ಕೊನೆಯ ಸೊನ್ನೆಗೆ ಯಾವ ಅರ್ಥವೂ ಇರಲಿಲ್ಲ. ಆದರೆ ಸರ್ಕಾರಿ ಅರ್ಜಿಯಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯದೆ ಜಾಗ ಖಾಲಿ ಬಿಟ್ಟರೆ ವಾಪಸು ಬರುತ್ತದಲ್ಲವೇ!

ಇಷ್ಟಾದರೂ ಕೆಲವಕ್ಕೆ ಸಮಾಧಾನವಾಗಲಿಲ್ಲ. ಮೊದಲೆರಡು ಅಂಕಿ 2 ಮತ್ತು 6 ಆಗಿರದಿದ್ದರೆ ಓಡುವುದೇ ಇಲ್ಲ ಎಂದು ಹಟ ಹಿಡಿದ ಪ್ರೋಗ್ರಾಮುಗಳೂ ಇದ್ದವು. ಅವುಗಳಲ್ಲಿ ಎಷ್ಟೋ ಮೂಲ ಸಿಕ್ಕದ, ಬರೆದವರು ಎಲ್ಲಿದ್ದಾರೋ ಗೊತ್ತಿಲ್ಲದ ಸರಕು, ತಿದ್ದೋಣವೆಂದರೆ ಆಗದು. ಆ ವರ್ಷದ ಆಗಸ್ಟಿನಲ್ಲಿ ಕರ್ನೆಲ್‌ನವರು ಇದಕ್ಕೊಂದು ಉಪಾಯ ಹೂಡಿದರು. ಅದರ ಹೆಸರು ಯುನೇಮ್26. ಇದನ್ನು ಚಾಲೂ ಮಾಡಿ ಹಳೆಯ ಪ್ರೋಗ್ರಾಮನ್ನು ಓಡಿಸಿದರೆ, ‘ನೀನು ಎಷ್ಟನೆಯ ಆವೃತ್ತಿ?’ ಎಂದು ಅದು ಕೇಳಿದಾಗ ಕರ್ನೆಲ್ ‘ನಾನು 2.6.40’ ಎನ್ನುತ್ತದೆ. 2.6.40 ಎಂಬ ಕರ್ನೆಲ್ ಹುಟ್ಟಿಯೇ ಇಲ್ಲ. 39ಕ್ಕೆ ಸಂತತಿ ನಿಂತಿತ್ತು. ಆದರೂ ಪ್ರೋಗ್ರಾಮಿಗೆ ನೆಮ್ಮದಿ.

ನಮ್ಮ ಬಂಧುಗಳೊಬ್ಬರ ಮನೆಯ ಅಜ್ಜನಿಗೆ ಸೌದೆ ಒಲೆಯ ಕಾಫಿಯೇ ಆಗಬೇಕಿತ್ತು. ಗ್ಯಾಸಿನ ಕಾಫಿ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎಂಬುದು ಅವರ ಅಚಲ ನಂಬಿಕೆ. ಮನೆ ರಿಪೇರಿಯಲ್ಲಿ ಒಲೆ ಕಿತ್ತುಹಾಕಿ ಗ್ರಾನೈಟ್ ಕಟ್ಟೆ ಬಂತು. ಸೊಸೆ ಮಾತಿಗೆ ಹೋಗಲಿಲ್ಲ. ಹಿತ್ತಲಲ್ಲಿ ಎರಡು ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು, ಹೊಗೆ ಜಗಲಿಯವರೆಗೆ ಬರುವಷ್ಟು ಹೊತ್ತು ಕಾದು, ಗ್ಯಾಸಿನ ಮೇಲೆ ಕಾಸಿದ ಕಾಫಿಯನ್ನು ಅದೇ ಹಳೆಯ ಹಿತ್ತಾಳೆ ಲೋಟದಲ್ಲಿ ತಂದಿಟ್ಟರು. ಅಜ್ಜ ಒಂದು ಗುಟುಕು ಎಳೆದು ‘ನೋಡು, ಇದು ಕಾಫಿ’ ಎಂದರು. ಅವರಿಗೆ ಹೊಟ್ಟೆ ಉಬ್ಬರಿಸಲಿಲ್ಲ. ಯುನೇಮ್26 ಬರೆದವರು ಆ ಸೊಸೆಯನ್ನು ಕಂಡಿರಲಿಕ್ಕಿಲ್ಲ, ಆದರೆ ಮಾಡಿದ್ದು ಇದನ್ನೇ. ಸಿಪ್ಪೆಯ ಹೊಗೆ ಈಗಲೂ ಏಳುತ್ತಿದೆ. 2024ರಲ್ಲಿ ಬಂದ 6.12ರ ಕರ್ನೆಲನ್ನೂ ಹೀಗೆ ಕೇಳಿದರೆ ಅದು ಗಂಭೀರವಾಗಿ 2.6.72 ಎನ್ನುತ್ತದೆ. ತಮಾಷೆಯೆಂದರೆ ಅದಕ್ಕೂ ಮೊದಲಿನ 4.12 ಹಾಗೂ 5.12 ಕೊಡುವ ಉತ್ತರವೂ 2.6.72.

ಲಿನಕ್ಸಿನವರು ಮಾತ್ರ ಹೀಗೆ ಎಂದಲ್ಲ. ವಿಂಡೋಸ್ 95ರ ನಿಜವಾದ ಆವೃತ್ತಿ ಸಂಖ್ಯೆ 4.0. ಆದರೆ 3.10ಕ್ಕೆ ಬರೆದಿದ್ದ ಪ್ರೋಗ್ರಾಮುಗಳು ಆ ಅಂಕಿಗಳನ್ನು ಅಡ್ಡಾದಿಡ್ಡಿ ಹೋಲಿಸಿ ಎಡವುತ್ತವೆ ಎಂದು ಗೊತ್ತಾಗಿ, ಹಳಬರು ಕೇಳಿದರೆ 3.95 ಎಂದು ಹೇಳುವ ಏರ್ಪಾಡು ಮಾಡಿದ್ದರು. ಆವೃತ್ತಿ ಸಂಖ್ಯೆ ನಿಜ ಹೇಳುವುದಕ್ಕಿದೆ ಎಂದು ತಿಳಿದವರು ಹೊಸಬರು.

ಟೊರ್ವಾಲ್ಡ್ಸ್‌ಗಂತೂ ಸಂಖ್ಯೆಯ ಬಗ್ಗೆ ಭಕ್ತಿಯೇ ಇಲ್ಲ. ಎರಡನೆಯ ಅಂಕಿ 20ರ ಹತ್ತಿರ ಬಂದರೆ ಮೊದಲನೆಯದನ್ನು ಒಂದು ಏರಿಸಿಬಿಡುತ್ತಾರೆ. ಕೈಕಾಲಿನ ಬೆರಳೆಲ್ಲ ಎಣಿಸಿ ಮುಗಿಯಿತು, ಇನ್ನು ಎಣಿಸಲಾರೆ ಎಂಬುದೇ ಅವರು ಕೊಡುವ ಕಾರಣ. 3.19ರ ಮುಂದೆ 4.0, 4.20ರ ಮುಂದೆ 5.0, 5.19ರ ಮುಂದೆ 6.0 ಬಂದದ್ದು ಹೀಗೆ. ಬೆರಳಿನ ಗೆಣ್ಣು ಹಿಡಿದು ಜಪ ಎಣಿಸುವ ನಮ್ಮ ಅಜ್ಜಿಯರ ಕೈಗೆ ಈ ಕೆಲಸ ಕೊಟ್ಟಿದ್ದರೆ 2.6 ಇನ್ನೂ ನಡೆಯುತ್ತಿತ್ತು.

ಸಂಖ್ಯೆಯ ಬಗ್ಗೆ ಇಷ್ಟು ಉಡಾಫೆ ಇರುವ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ಕಟ್ಟಾ ಸಂಪ್ರದಾಯಸ್ಥ. ನಿನ್ನೆ ಓಡುತ್ತಿದ್ದ ಪ್ರೋಗ್ರಾಮು ಹೊಸ ಕರ್ನೆಲ್ ಹಾಕಿದ ಮೇಲೆ ಓಡಲಿಲ್ಲ ಎಂದರೆ ತಪ್ಪು ಕರ್ನೆಲ್‌ನದು. ಪ್ರೋಗ್ರಾಮು ಬರೆದವರು ದಡ್ಡರಿರಬಹುದು, ನಿಯಮ ಓದದೆ ಬರೆದಿರಬಹುದು, ಕರ್ನೆಲ್‌ನ ದೋಷವನ್ನೇ ಸೌಕರ್ಯವೆಂದು ತಿಳಿದು ಅದರ ಮೇಲೆ ಮಾಳಿಗೆ ಎಬ್ಬಿಸಿರಬಹುದು. ಆದರೂ ತಪ್ಪು ಕರ್ನೆಲ್‌ನದೇ. ‘ನಿಮ್ಮ ಪ್ರೋಗ್ರಾಮು ಸರಿ ಇಲ್ಲ’ ಎಂದು ಬಳಕೆದಾರರಿಗೆ ಉತ್ತರ ಕೊಟ್ಟ ಹಿರಿಯ ಕರ್ನೆಲ್ ಕರ್ತರು ಟೊರ್ವಾಲ್ಡ್ಸ್‌ರಿಂದ ಬೈಸಿಕೊಂಡದ್ದು ಈ ಲೋಕದಲ್ಲಿ ದಂತಕಥೆಯೇ ಆಗಿದೆ. ಆ ಬೈಗುಳ ಮನೆಮಂದಿ ಕೂತು ಓದುವಂಥದ್ದಲ್ಲ. ಅದಕ್ಕಾಗಿ 2018ರಲ್ಲಿ ಅವರೇ ಕ್ಷಮೆ ಕೇಳಿ ಕೆಲವು ವಾರ ರಜೆ ಹಾಕಿದ್ದರು. ಬೈಗುಳ ಕಮ್ಮಿಯಾಯಿತು, ನಿಯಮ ಸಡಿಲವಾಗಲಿಲ್ಲ.

ಈ ನಿಯಮ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಒಂದು ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಪ್ರೋಗ್ರಾಮುಗಳು ಕರ್ನೆಲನ್ನು ಕೇಳಬಹುದಾದ ಕೆಲಸಗಳಿಗೆ ಒಂದೊಂದು ಸಂಖ್ಯೆ ಇದೆ. 1991ರ 0.01 ಆವೃತ್ತಿಯ ಪಟ್ಟಿಯಲ್ಲಿ 1 ಎಂದರೆ ಮುಗಿಸು, 2 ಎಂದರೆ ನನ್ನಂಥ ಇನ್ನೊಂದನ್ನು ಹುಟ್ಟಿಸು, 3 ಎಂದರೆ ಓದು, 4 ಎಂದರೆ ಬರೆ, 5 ಎಂದರೆ ತೆರೆ, 6 ಎಂದರೆ ಮುಚ್ಚು. ಇವತ್ತಿನ ಕರ್ನೆಲ್‌ನಲ್ಲಿ 32 ಬಿಟ್ ಇಂಟೆಲ್ ಪ್ರೋಗ್ರಾಮುಗಳಿಗೆ ಇಟ್ಟಿರುವ ಪಟ್ಟಿ ತೆಗೆದು ನೋಡಿ: 3 ಓದು, 4 ಬರೆ. ಪಟ್ಟಿ ಉದ್ದವಾಗಿ ನೂರಾರಕ್ಕೆ ಹೋಗಿದೆ, ಮೊದಲ ಸಾಲುಗಳು ಮಾತ್ರ ಅಲ್ಲಾಡಿಲ್ಲ. ಎಂಟನೆಯದು ಹೊಸ ಫೈಲು ಸೃಷ್ಟಿಸುವ ಕೆಲಸ. ಅದರ ಹೆಸರಿನಲ್ಲಿ ಕೊನೆಯ ಒಂದು ಇಂಗ್ಲಿಷ್ ಅಕ್ಷರವೇ ಇಲ್ಲ. ಎಪ್ಪತ್ತರ ದಶಕದಲ್ಲಿ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಬರೆಯುವಾಗ ಬಿಟ್ಟದ್ದು. ಯುನಿಕ್ಸನ್ನು ಮತ್ತೆ ಬರೆಯುವುದಾದರೆ ಏನು ಬದಲಿಸುತ್ತೀರಿ ಎಂದು ಅದನ್ನು ಕಟ್ಟಿದ ಕೆನ್ ಥಾಂಪ್ಸನ್‌ರನ್ನು ಕೇಳಿದಾಗ, ಆ ಅಕ್ಷರ ಸೇರಿಸುತ್ತೇನೆ ಎಂದಿದ್ದರು. ಸೇರಿಸುವ ಹಾಗಿಲ್ಲ. ಜಗತ್ತಿನ ಎಷ್ಟೋ ಪ್ರೋಗ್ರಾಮುಗಳು ಆ ತಪ್ಪು ಕಾಗುಣಿತವನ್ನೇ ನಂಬಿ ಕೂತಿವೆ.

ಇದು ದೂರದ ಮಾತು ಎಂದುಕೊಳ್ಳಬೇಡಿ. ಇಂಥದ್ದೊಂದು ಕನ್ನಡದ ಹಣೆಯಲ್ಲೂ ಬರೆದಿದೆ. ಲಿನಕ್ಸ್ ಹುಟ್ಟಿದ 1991ರಲ್ಲೇ, ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತು. ಹಳಗನ್ನಡದ ೞ ಅಕ್ಷರವನ್ನೂ ಸೇರಿಸಿದರು. ಸೇರಿಸುವಾಗ ಅದ್ಯಾರಿಗೆ ಏನು ತೋಚಿತೋ, ಅದಕ್ಕೆ ‘ಕನ್ನಡದ ಫ ಅಕ್ಷರ’ ಎಂಬ ಹೆಸರಿಟ್ಟರು. ಆಮೇಲೆ ತಪ್ಪು ಗೊತ್ತಾಯಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೆಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ವ್ರತ. ಪಕ್ಕದಲ್ಲಿ ಇದರ ಸರಿಯಾದ ಹೆಸರು ಇದು ಎಂದು ಒಂದು ಟಿಪ್ಪಣಿ ಅಂಟಿಸಿ ಸುಮ್ಮನಾದರು. ಪಂಪನ ಕಾಲದ ಅಕ್ಷರಕ್ಕೆ ಇನ್ನು ಪ್ರಳಯದವರೆಗೂ ದಾಖಲೆಯಲ್ಲಿ ಫ ಎಂದೇ ಹೆಸರು. ಹಳಗನ್ನಡದ ಮೇಷ್ಟ್ರುಗಳಿಗೆ ಇದನ್ನು ಹೇಳಿದರೆ ಕೋಪ ಬರುವುದು ಸಹಜ. ಆದರೆ ವ್ರತ ಮುರಿದರೆ ಏನಾಗುತ್ತದೆಂದೂ ನಮಗೆ ಗೊತ್ತು. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತ ಯಾರಲ್ಲಿಲ್ಲ? ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಅಪ್ಪನ ಆತ್ಮಕಥೆಯಿರಲಿ, ಸಹಕಾರ ಸಂಘದ ನಡಾವಳಿಯಿರಲಿ, ಕಾಣುವುದು ಟೋಪಿ ಹಾಕಿದ ಇಂಗ್ಲಿಷ್ ಸ್ವರಗಳ ಸಂತೆ. ಹೆಸರು ತಪ್ಪಿದ್ದರೂ ಅಕ್ಷರ ಅಕ್ಷರವಾಗಿಯೇ ತೆರೆದುಕೊಳ್ಳುವುದು ವಾಸಿ.

ಇಷ್ಟು ಕೇಳಿ ಲಿನಕ್ಸ್ ಕರ್ನೆಲ್ ಎಂದರೆ ಏನೂ ಬದಲಾಗದ ಮಠ ಎಂದುಕೊಂಡರೆ ಕೆಟ್ಟಿರಿ. ಹೊರಗಿನವರಿಗೆ ಕೊಟ್ಟ ಮಾತು ಕಲ್ಲಿನ ಮೇಲೆ ಕೆತ್ತಿದ್ದು. ಒಳಗೆ ಮಾತ್ರ ಯಾವ ಕಂಬಕ್ಕೂ ಭದ್ರತೆಯಿಲ್ಲ. ಇವತ್ತು ಮೂರು ಮಾಹಿತಿ ಕೇಳುತ್ತಿದ್ದ ಒಳಗಿನ ಫಂಕ್ಷನ್ ನಾಳೆ ಎರಡೇ ಸಾಕೆನ್ನಬಹುದು, ನಾಡಿದ್ದು ಇಲ್ಲವಾಗಬಹುದು. ಒಳಗಿನ ಏರ್ಪಾಡುಗಳೂ ಬದಲಾಗದೆ ಇರಬೇಕೆಂದು ಬಯಸುವುದೇ ಅವಿವೇಕ ಎಂಬ ಅರ್ಥದ ಹೆಸರಿನ ಒಂದು ಬರಹವೇ ಕರ್ನೆಲ್ ಜೊತೆ ಬರುತ್ತದೆ. ಬರೆದವರು ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವ ಗ್ರೆಗ್ ಕ್ರೋವಾ-ಹಾರ್ಟ್‌ಮನ್. ಅವರ ವಾದ ಸರಳ. ನಿಮ್ಮ ಸಾಧನವನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಕರ್ನೆಲ್ ಒಳಗೇ ತಂದಿಡಿ. ನಾವು ಏನು ಬದಲಿಸಿದರೂ ನಿಮ್ಮದನ್ನೂ ನಾವೇ ತಿದ್ದುತ್ತೇವೆ. ಹೊರಗೇ ಇಟ್ಟುಕೊಂಡರೆ ನಿಮ್ಮ ಪಾಡು ನಿಮ್ಮದು.

ಆ ಪಾಡನ್ನು ಅನುಭವಿಸುವವರು ಡ್ರೈವರ್ ಬರೆದ ಕಂಪನಿಯವರಲ್ಲ, ನಮ್ಮಂಥವರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಡಿಮೆ ಬೆಲೆಗೆ ಒಂದು ವೈಫೈ ಕಡ್ಡಿ ಕೊಳ್ಳಲು ನಿಂತಿದ್ದೆ. ‘ಲಿನಕ್ಸ್‌ನಲ್ಲಿ ನಡೆಯುತ್ತಾ?’ ಎಂದೆ. ಅಂಗಡಿಯಾತ ಒಂದು ಕ್ಷಣ ನನ್ನ ಮುಖ ನೋಡಿ, ‘ನಡೆಯುತ್ತೆ ಸಾರ್. ನಡೆಯದಿದ್ರೆ ವಿಂಡೋಸ್ ಹಾಕ್ಕೊಳಿ’ ಎಂದ. ನಡೆಯಿತು. ಅದರ ಡ್ರೈವರ್ ಕರ್ನೆಲ್ ಒಳಗೆ ಇರದ, ಎಲ್ಲಿಂದಲೋ ಇಳಿಸಿಕೊಂಡು ಕೂರಿಸಬೇಕಾದ ಜಾತಿಯದು, ಆದರೂ ನಡೆಯಿತು. ಮುಂದೊಂದು ದಿನ ಕಂಪ್ಯೂಟರ್ ತಾನಾಗಿ ಹೊಸ ಕರ್ನೆಲ್ ಹಾಕಿಕೊಂಡು ಎದ್ದಾಗ ವೈಫೈ ಎಂಬ ಪದಾರ್ಥವೇ ಇರಲಿಲ್ಲ. ದುರಸ್ತಿಗೆ ಬೇಕಾದದ್ದು ಇಂಟರ್‌ನೆಟ್ಟಿನಲ್ಲಿದೆ, ಇಂಟರ್‌ನೆಟ್ ಬರಬೇಕಾದರೆ ದುರಸ್ತಿಯಾಗಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಮಾಡಿದವರ ಬಳಿಯೂ ಇಂಥದ್ದೇ ಕಡ್ಡಿ ಇದ್ದಿರಬೇಕು. ಕಾಪಾಡಿದ್ದು ಶುರುವಿನಲ್ಲಿ ಕಾಣುವ ಕಪ್ಪು ಮೆನು. ಅದರಲ್ಲಿ ಹೊಸ ಕರ್ನೆಲ್‌ನ ಕೆಳಗೆ ಹಳೆಯದೂ ಇರುತ್ತದೆ. ಬಾಣದ ಕೀಲಿ ಒತ್ತಿ ಕೆಳಗಿಳಿದೆ. ಹಳೆಯ ಕರ್ನೆಲ್ ಏನೂ ಆಗಿಲ್ಲವೆಂಬಂತೆ ಎದ್ದು ವೈಫೈ ಹುಡುಕಿಕೊಟ್ಟಿತು. ಹೊಸತು ಬಂದರೂ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಇಟ್ಟುಕೊಂಡಿರುವ ಈ ಪದ್ಧತಿಯನ್ನು ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಹಾಗಾದರೆ ಹೊಸತೆಂಬುದು ಬರುವುದೇ ಇಲ್ಲವೇ? ಬರುತ್ತದೆ, ತನ್ನದೇ ನಿಧಾನದಲ್ಲಿ. ಕೇಳಿದ ಕೆಲಸವನ್ನು ಇಂತಿಷ್ಟೇ ಸಮಯದೊಳಗೆ ಮಾಡಿ ಮುಗಿಸುವ ಖಾತ್ರಿ ಕೊಡುವುದಕ್ಕೆ ರಿಯಲ್ ಟೈಮ್ ಎನ್ನುತ್ತಾರೆ. ಕಾರ್ಖಾನೆಯ ರೋಬೋ ಕೈ, ಧ್ವನಿಮುದ್ರಣದ ಕೋಣೆ ಇವಕ್ಕೆಲ್ಲ ಅದು ಬೇಕು. ಲಿನಕ್ಸ್‌ಗೆ ಈ ಗುಣ ತರುವ ಕೆಲಸ ಶುರುವಾಗಿ ಪೂರ್ತಿ ಒಳಗೆ ಸೇರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಕೊನೆಯ ತೊಡಕು ಯಾವುದು ಗೊತ್ತೇ? ಕರ್ನೆಲ್ ತನ್ನ ಸುದ್ದಿಯನ್ನು ತಾನೇ ಹೇಳಿಕೊಳ್ಳುವ ಪ್ರಿಂಟ್‌ಕೆ ಎಂಬ ಪುಟ್ಟ ಸೌಲಭ್ಯ. ಎಂಥ ತುರ್ತಿದ್ದರೂ ಅದು ತನ್ನ ಮಾತು ಮುಗಿಸಿಯೇ ಜಾಗ ಬಿಡುತ್ತಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಇಂಥವರನ್ನು ನಾವೆಲ್ಲ ಕಂಡಿದ್ದೇವೆ. ಅವರನ್ನು ತಿದ್ದಲು ಇಪ್ಪತ್ತು ವರ್ಷ ಹೆಚ್ಚೇನಲ್ಲ. 2024ರ ಸೆಪ್ಟೆಂಬರಿನಲ್ಲಿ, ವಿಯೆನ್ನಾದ ಸಮಾವೇಶದ ಹೊತ್ತಿಗೆ, ಈ ಕೆಲಸದ ಮುಂದಾಳು ಥಾಮಸ್ ಗ್ಲೈಕ್ಸ್‌ನರ್ ‘ಇದನ್ನು ಸೇರಿಸಿಕೊಳ್ಳಿ’ ಎಂಬ ಕೋರಿಕೆಯನ್ನು ಕಾಗದದ ಮೇಲೆ ಮುದ್ರಿಸಿ, ಉಡುಗೊರೆಯಾಗಿ ಕಟ್ಟಿ ಟೊರ್ವಾಲ್ಡ್ಸ್ ಕೈಗಿತ್ತರು. ಆ ನವೆಂಬರಿನ 6.12ರಲ್ಲಿ ಅದು ಬಂತು. ಎರಡು ವರ್ಷ ಮೊದಲು, 6.1ರಲ್ಲಿ, ರಸ್ಟ್ ಎಂಬ ಹೊಸ ಭಾಷೆಗೆ ಒಳಗೆ ಕೂರಲು ಮಣೆ ಹಾಕಿದ್ದರು. ಮೂವತ್ತು ವರ್ಷ ಸಿ ಭಾಷೆಯೊಂದನ್ನೇ ಬಲ್ಲ ಹಿರಿಯರು ಹೊಸಬರು ಕೂತ ಭಂಗಿಯ ಬಗ್ಗೆ ಆಗಿನಿಂದಲೂ ಗೊಣಗುತ್ತಿದ್ದಾರೆ.

ನನಗೆ ಅತ್ಯಂತ ಇಷ್ಟವಾದ ಹೊಸತು ಮಾತ್ರ ಯಾವ ಉಪಯೋಗಕ್ಕೂ ಬಾರದ್ದು. ಲಿನಕ್ಸ್‌ನ ಲಾಂಛನ ಟಕ್ಸ್ ಎಂಬ ದುಂಡನೆಯ ಪೆಂಗ್ವಿನ್. 2009ರ ಮಾರ್ಚಿನಲ್ಲಿ ಬಂದ 2.6.29ರಲ್ಲಿ ಅದನ್ನು ರಜೆಯ ಮೇಲೆ ಕಳಿಸಿ, ಅದರ ಜಾಗದಲ್ಲಿ ಟಾಸ್ಮೇನಿಯನ್ ಡೆವಿಲ್ ಎಂಬ ಆಸ್ಟ್ರೇಲಿಯಾದ ಪ್ರಾಣಿಯನ್ನು ಕೂರಿಸಿದರು. ಮುಖದ ಗಡ್ಡೆಯ ರೋಗದಿಂದ ಆ ಪ್ರಾಣಿ ಅಳಿವಿನಂಚಿಗೆ ಹೋಗುತ್ತಿದೆ ಎಂದು ಜನರ ಗಮನ ಸೆಳೆಯುವುದಕ್ಕೆ. ಯಾರಿಗೂ ಗೊತ್ತಾಗಬಾರದೆಂದು ಅದರ ಮೂತಿಗೆ ಪೆಂಗ್ವಿನ್ನಿನ ಸುಳ್ಳು ಕೊಕ್ಕು ಕಟ್ಟಿದ್ದರು. ಇಲ್ಲೂ ನೋಡಿ, ಹಳಬರಿಗೆ ಗಾಬರಿಯಾಗಬಾರದು ಎಂಬ ಕಾಳಜಿ!

ನಮ್ಮ ಬೆಂಗಳೂರಿಗೂ ಈ ಲೋಕದ ಗಾಳಿ ಬೇಗನೆ ಬೀಸಿತ್ತು. 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಶುರುವಾದ ಸಮಾವೇಶ ಮುಂದೆ ‘ಫಾಸ್ ಡಾಟ್ ಇನ್’ ಎಂದಾಗಿ 2012ರವರೆಗೆ ನಡೆಯಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಮರುವರ್ಷವೇ ತೀರಿಕೊಂಡರು. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ರಾತ್ರಿಯಿಡೀ ಫೋನ್ ಲೈನು ಹಿಡಿದಿಡಬೇಕಾಗಿದ್ದ ದಿನಗಳಲ್ಲಿ ನಮ್ಮಲ್ಲಿ ಅನೇಕರಿಗೆ ಲಿನಕ್ಸ್ ಸಿಕ್ಕಿದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಯಿಂದ. ಆಗ ಹೊಸ ಆವೃತ್ತಿ ಎಂದರೆ ಹಬ್ಬ. ಕಂಪ್ಯೂಟರ್ ಹೊತ್ತು ತಂದು, ಒಟ್ಟಿಗೆ ಕೂತು ಹಾಕಿಕೊಳ್ಳುತ್ತಿದ್ದೆವು. ಈಗ ಅದು ಫೋನಿಗೆ ರಾತ್ರೋರಾತ್ರಿ ಬಂದು ಕೂರುತ್ತದೆ, ಬೆಳಗ್ಗೆ ಯಾರೂ ತಿರುಗಿ ನೋಡುವುದಿಲ್ಲ.

ಕೊಟ್ಟ ಮಾತಿಗೂ ಒಂದು ಮಿತಿ ಇದೆ. ಯಾರೂ ಬಳಸದ್ದನ್ನು ತೆಗೆದರೆ ಅದು ಮುರಿದಂತಲ್ಲ. 2012ರ ಡಿಸೆಂಬರಿನಲ್ಲಿ ಇಂಟೆಲ್ 386 ಪ್ರೊಸೆಸರಿನ ಬೆಂಬಲವನ್ನು ಕಿತ್ತುಹಾಕಿದರು. 1991ರಲ್ಲಿ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆಯಲು ಕೂತದ್ದು 386ರ ಮುಂದೆಯೇ. ತಾನು ಹುಟ್ಟಿದ ಮನೆಯಲ್ಲಿ ಈಗ ಹೊಸ ಲಿನಕ್ಸ್ ಓಡುವುದಿಲ್ಲ. ಅದಕ್ಕಾಗಿ ಅವರೇನೂ ಕಣ್ಣೀರಿಡಲಿಲ್ಲ. ತೊಲಗಿತು ಪೀಡೆ ಎಂಬ ಧಾಟಿಯಲ್ಲೇ ಬೀಳ್ಕೊಟ್ಟರು. 2019ರಲ್ಲಿ ಫ್ಲಾಪಿಯ ಸರದಿ ಬಂತು. ಫ್ಲಾಪಿ ಡ್ರೈವರ್ ನೋಡಿಕೊಳ್ಳುತ್ತಿದ್ದವರ ಬಳಿಯೇ ಓಡುವ ಫ್ಲಾಪಿ ಯಂತ್ರ ಉಳಿದಿರಲಿಲ್ಲ. ಕಿತ್ತೊಗೆಯಲಿಲ್ಲ, ದಾಖಲೆಯಲ್ಲಿ ‘ಅನಾಥ’ ಎಂದು ಗುರುತು ಹಾಕಿದರು. ಆಮೇಲೆ ಇನ್ನೊಬ್ಬರು ಬಂದು ಸಾಕಿಕೊಂಡರು.

ಹೀಗೆ ಏನೂ ಆಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಈಚಿನ ಅತಿ ದೊಡ್ಡದು ಇನ್ನೂ ಮುಗಿದಿಲ್ಲ. ಲಿನಕ್ಸ್ ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡು ಸೆಕೆಂಡಾಗಿ ಎಣಿಸುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಆ ಲೆಕ್ಕಕ್ಕೆ 32 ಬಿಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಸಂಖ್ಯೆ ಮಗುಚಿ, ಆ ಯಂತ್ರಗಳ ಪಾಲಿಗೆ 1901ರ ಡಿಸೆಂಬರ್ ಶುರುವಾಗುತ್ತದೆ. ಇದನ್ನು ತಪ್ಪಿಸಲು ಹಲವು ವರ್ಷ ಕರ್ನೆಲ್‌ನ ಮೂಲೆಮೂಲೆಯಲ್ಲಿ ಕಾಲದ ಲೆಕ್ಕವನ್ನು 64 ಬಿಟ್‌ಗೆ ಹಿಗ್ಗಿಸಿದರು. ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ಪ್ರಶ್ನೆಗಳು ಹಾಗೇ ಇರಬೇಕು, ಹೊಸವಕ್ಕೆ ಹೊಸ ಪ್ರಶ್ನೆಗಳು ಪಕ್ಕದಲ್ಲಿ ಇರಬೇಕು. 32 ಬಿಟ್ ಯಂತ್ರಗಳಲ್ಲೂ 2038ನ್ನು ದಾಟಬಲ್ಲ ಮೊದಲ ಕರ್ನೆಲ್ 5.6. ಅದು ಬಂದ ದಿನ 2020ರ ಮಾರ್ಚ್ 29. ದೇಶ ಲಾಕ್‌ಡೌನಿನಲ್ಲಿ ಕೂತು ಕೈ ತೊಳೆಯುತ್ತಿದ್ದ ಆ ವಾರ, ಹದಿನೆಂಟು ವರ್ಷದಾಚೆಯ ಬೆಳಗೊಂದನ್ನು ಯಾರೋ ಸರಿಪಡಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಕರ್ನೆಲ್ ದಾಟಿದರೆ ಸಾಲದು. ಅದರ ಮೇಲಿನ ಪ್ರೋಗ್ರಾಮುಗಳನ್ನೂ ಹೊಸ ಲೆಕ್ಕಕ್ಕೆ ಕಟ್ಟಬೇಕು, ಗೋಡೆಯೊಳಗೆ, ಯಂತ್ರಗಳ ಹೊಟ್ಟೆಯೊಳಗೆ ವರ್ಷಗಟ್ಟಲೆ ಮುಟ್ಟದೆ ಓಡುತ್ತಿರುವ ಹಳೆಯ ಕರ್ನೆಲ್‌ಗಳನ್ನು ಹುಡುಕಬೇಕು. ಅದು ನಡೆಯುತ್ತಿದೆ.

ಇದೇ ನಾಟಕವನ್ನು ಬೆಂಗಳೂರು ಒಮ್ಮೆ ನೋಡಿದೆ. 2000ನೇ ಇಸವಿ ಹುಟ್ಟುವಾಗ ಎರಡೇ ಅಂಕಿಯ ವರ್ಷ ಬರೆದಿದ್ದ ಪ್ರೋಗ್ರಾಮುಗಳು ಕೈ ಕೊಡುತ್ತವೆಂದು, ನಮ್ಮ ಕಂಪನಿಗಳ ಹುಡುಗ ಹುಡುಗಿಯರು ಯಾರದೋ ದೇಶದ ಬ್ಯಾಂಕಿನ ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ತಿದ್ದಿದರು. ಹೊಸ ವರ್ಷದ ರಾತ್ರಿ ಆಫೀಸಿನಲ್ಲೇ ಕೂತು ಕಾದರು. ಏನೂ ಆಗಲಿಲ್ಲ. ಮರುದಿನ ಪತ್ರಿಕೆ ಮಡಚಿಟ್ಟು ಜನ ಅಂದದ್ದು: ‘ಬರೀ ಪುಕಾರು, ಸುಮ್ನೆ ಹೆದರಿಸಿದ್ರು.’

2038ರ ಜನವರಿ 19 ಮಂಗಳವಾರ. 8 ಗಂಟೆ 44 ನಿಮಿಷಕ್ಕೆ ದರ್ಶಿನಿಗಳಲ್ಲಿ ಇಡ್ಲಿಯ ಟೋಕನ್ ಕೊಡುವ ಯಂತ್ರ ನಿಲ್ಲದೆ, ಮೆಟ್ರೋ ಬಾಗಿಲು ತೆರೆದು ಮುಚ್ಚಿ ಸುಸೂತ್ರವಾಗಿ ನಡೆದರೆ, ಆ ರಾತ್ರಿ ಟಿ.ವಿ. ಚರ್ಚೆಯಲ್ಲಿ ಒಬ್ಬರು ಮೇಜು ಗುದ್ದಿ, ಇದೆಲ್ಲ ಕಂಪ್ಯೂಟರಿನವರು ದುಡ್ಡು ಹೊಡೆಯಲು ಕಟ್ಟಿದ ಕಥೆ ಎಂದು ಹೇಳುವುದು ಖಂಡಿತ. ಅವರ ಮುಂದಿನ ಮೈಕು, ಎದುರಿನ ಕ್ಯಾಮೆರಾ, ಆ ಮಾತನ್ನು ಮನೆಮನೆಗೆ ಮುಟ್ಟಿಸುವ ಪೆಟ್ಟಿಗೆಗಳಲ್ಲಿ ಎಷ್ಟೋ ಲಿನಕ್ಸ್ ಕರ್ನೆಲ್‌ನ ಮೇಲೆಯೇ ಓಡುತ್ತಿರುತ್ತವೆ, ಪರದೆಯ ಮೂಲೆಯಲ್ಲಿ ಸರಿಯಾದ ತಾರೀಖನ್ನೇ ತೋರಿಸುತ್ತಿರುತ್ತವೆ. ಬೈಸಿಕೊಂಡವರು ಅದನ್ನು ನೋಡಿ ಟಿ.ವಿ. ಆರಿಸಿ ಮಲಗುತ್ತಾರೆ, ಮುಂದಿನ ಆವೃತ್ತಿಯ ಬಾಗಿಲು ಮುಚ್ಚಲು ಇನ್ನು ಐದೇ ದಿನ ಉಳಿದಿರುತ್ತದೆ.